ಬೆನ್ನು ಒತ್ತಿ ನೋಡಿ ಕೊಂಡ ಪುಸ್ತಕಗಳು

ಈ ವಿಷಯವನ್ನು ಹೇಳಿಬಿಡಬೇಕೆಂದು ನಾನು ತೀರ್ಮಾನಿಸಿ ಬಹಳ ಕಾಲವಾಯಿತು. ಮೊದಲು ಒಂದು ಒಳ್ಳೆಯ ಮಳೆ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. ನಮ್ಮ ಕಡೆ ಮಳೆ ಅಷ್ಟು ಸುಲಭವಾಗಿ ಬರುವುದಿಲ್ಲವಾದ್ದರಿಂದ ಅದು ಭದ್ರವಾದ ನೆಪವಾಗಿತ್ತು. ಹಾಳಾದ್ದು, ಆ ವರ್ಷವೇ ಸುರಿದುಬಿಟ್ಟಿತು! ಆಮೇಲೆ ಹಲ್ಲು ಕಟ್ಟಿಸಿಕೊಂಡು ಸ್ಪಷ್ಟವಾಗಿ ಹೇಳೋಣ ಎಂದುಕೊಂಡೆ. ಹಲ್ಲೂ ಕಟ್ಟಿಸಿದ್ದಾಯಿತು. ಈಗ ಕಟ್ಟಿಸಿದ ಹಲ್ಲೇ ಅಲುಗಾಡುತ್ತಿದೆ. ನೆಪಗಳು ಮುಗಿದುಹೋಗಿವೆ. ಆದ್ದರಿಂದ ಹೇಳುತ್ತೇನೆ.

ನಾನು ಕುರಿ ದಲ್ಲಾಳಿಯಾಗಿದ್ದವನು. ತಮಿಳು ಸೀಮೆಯಲ್ಲಿ, ಸೇಲಂ ಕಡೆಯ ಕಂಬೈನಲ್ಲೂರಿನಿಂದ ಒಳಗೆ ಹೋದರೆ ಸಿಗುವ ನಮ್ಮ ಹಟ್ಟಿಯಲ್ಲಿ ಎಲ್ಲರೂ ಮನೆಯಲ್ಲಿ ಕನ್ನಡ ಆಡುತ್ತಾರೆ, ಸಂತೆಯಲ್ಲಿ ತಮಿಳು ಆಡುತ್ತಾರೆ, ಕುರಿಗಳನ್ನು ಎರಡರಲ್ಲೂ ಬಯ್ಯುತ್ತಾರೆ. ಇಡೀ ಹಟ್ಟಿಗೆ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಹಾಗಾಗಿ ಅಕ್ಷರವಿರುವ ವಸ್ತು ಯಾವುದೇ ಬಂದರೂ ಅದು ನೇರವಾಗಿ ನನ್ನ ಜಗಲಿಗೆ ಬರುತ್ತಿತ್ತು. ನಾನು ಪಾಸಾದದ್ದು ಯಾವ ಭಾಷೆಯಲ್ಲಿ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೇಳದೆ ಇದ್ದದ್ದನ್ನು ನಾನಾಗಿ ಹೇಳುವುದು ಜಂಬವಾಗುತ್ತದೆ ಎಂದು ನಾನೂ ಸುಮ್ಮನಿದ್ದೆ.

ಸತ್ಯವೇನೆಂದರೆ, ಚಿಕ್ಕಂದಿನಲ್ಲಿ ನನ್ನನ್ನು ಕೊಳ್ಳೇಗಾಲದ ಕಡೆ ಕೊಟ್ಟಿದ್ದ ಅಕ್ಕನ ಮನೆಗೆ ಕಳುಹಿಸಿದ್ದರು. ಅಲ್ಲಿದ್ದು ಕನ್ನಡದಲ್ಲಿ ಓದಿ ಪಾಸಾಗಿ ಬಂದೆ. ತಮಿಳು ಮಾತಾಡಲು ನಿಂತರೆ ಸೇಲಂನ ವಕೀಲರೂ ನನ್ನ ಮುಂದೆ ಬಾಯಿ ಮುಚ್ಚಬೇಕು. ಆದರೆ ಓದುವುದು? ಒಂದೊಂದು ಅಕ್ಷರವನ್ನೂ ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟನ ಹಾಗೆ, ‘ಇವನನ್ನು ಎಲ್ಲೋ ನೋಡಿದ್ದೇನಲ್ಲ’ ಎಂದು ದಿಟ್ಟಿಸಬೇಕಾಗಿತ್ತು. ಬಸ್ಸಿನ ಬೋರ್ಡನ್ನು ನಾನು ಓದುತ್ತಿರಲಿಲ್ಲ. ಬಸ್ಸಿನ ಬಣ್ಣ ನೋಡಿ ಹತ್ತುತ್ತಿದ್ದೆ. ಯಾರಾದರೂ ಸರ್ಕಾರಿ ಕಾಗದ ತಂದರೆ ಕನ್ನಡಕ ಏರಿಸಿ, ಹುಬ್ಬು ಗಂಟಿಕ್ಕಿ, “ಊಂ, ಇದು ದೊಡ್ ವಿಸ್ಯ. ನಾಳೆ ಏಳ್ತೀನಿ” ಎನ್ನುತ್ತಿದ್ದೆ. ಆಮೇಲೆ ಕಂಬೈನಲ್ಲೂರಿನ ಟೀ ಅಂಗಡಿಯವನ ಹತ್ತಿರ ಓದಿಸಿಕೊಂಡು ಬರುತ್ತಿದ್ದೆ. ಆ ಕನ್ನಡಕವೂ ಕಣ್ಣಿಗಾಗಿ ಕೊಂಡದ್ದಲ್ಲ, ಮರ್ಯಾದೆಗಾಗಿ ಕೊಂಡದ್ದು.

ಹೀಗೆ ನನ್ನ ಮರ್ಯಾದೆ ಸುಖವಾಗಿ ಸಾಗುತ್ತಿದ್ದಾಗ ನನ್ನ ತಮ್ಮನ ಮಗಳು ಓದಲು ಕಲಿತಳು. ಅವಳ ನಿಜವಾದ ಹೆಸರನ್ನು ಈಗಲೇ ಬರೆದರೆ ಮುಂದೆ ಬರೆಯುವ ಧೈರ್ಯ ಬರುವುದಿಲ್ಲ. ಕೊನೆಯಲ್ಲಿ ಹೇಳುತ್ತೇನೆ. ಸದ್ಯಕ್ಕೆ ಎಲ್ಲರೂ ಕರೆಯುತ್ತಿದ್ದ ಹಾಗೆ ಪುಟ್ಟಿ ಎನ್ನೋಣ.

ಪುಟ್ಟಿ ಆಗ ಊರಿನ ತಮಿಳು ಶಾಲೆಯಲ್ಲಿ ಎರಡನೆಯ ಕ್ಲಾಸು. ಒಂದು ದಿನ ಇದ್ದಕ್ಕಿದ್ದಂತೆ ಅವಳಿಗೆ ಯಾರೂ ಹೇಳಿಕೊಡದೆ ತಾನೇ ಓದುವುದು ಬಂದುಬಿಟ್ಟಿತು. ಅಲ್ಲಿಂದ ಹಟ್ಟಿಯಲ್ಲಿ ಅಕ್ಷರಕ್ಕೆ ಉಳಿಗಾಲವಿಲ್ಲದಂತಾಯಿತು. ಉಪ್ಪಿನ ಪ್ಯಾಕೆಟ್ಟು ಓದಿದಳು. ಬೆಂಕಿಪೊಟ್ಟಣ ಓದಿದಳು. ಗೊಬ್ಬರದ ಚೀಲದಿಂದ ಹೊಲಿದ ಚಡ್ಡಿ ಹಾಕಿಕೊಂಡು ಓಡುತ್ತಿದ್ದ ಪಕ್ಕದ ಮನೆಯ ಮಗುವನ್ನು ಹಿಡಿದು ನಿಲ್ಲಿಸಿ, ಹಿಂದೆ ತಿರುಗಿಸಿ ಓದಿದಳು. ಓದಲು ಇನ್ನೇನೂ ಉಳಿಯಲಿಲ್ಲ. ಆಗ ನನ್ನ ಬಳಿ ಬಂದು ಕೇಳಿದಳು:

“ದೊಡ್ಡಪ್ಪಾ, ನಂಗೆ ಅಂತ್ಲೇ ಒಂದು ಪುಸ್ತ್ಕ ಎಲ್ಲಾದ್ರೂ ಸಿಕ್ತದಾ?”

“ಸಿಗ್ದೆ ಏನು! ಸೇಲಮ್ಮಲ್ಲಿ ಕುರಿಮಂದೆ ಅಂಗೆ ಬಿದ್ದವೆ” ಎಂದೆ.

ಅಷ್ಟರಲ್ಲಿ ಶಾಲೆಯ ಟೀಚರಮ್ಮನೂ ಅದನ್ನೇ ಯೋಚಿಸಿದ್ದರು. ಅವರು ತಮಿಳಿನವರು, ಒಳ್ಳೆಯ ಹೆಂಗಸು. ಪಾಠಪುಸ್ತಕ ಬಿಟ್ಟರೆ ಶಾಲೆಯಲ್ಲಿ ಬೇರೆ ಪುಸ್ತಕವಿಲ್ಲ, ತಾವೇ ಓದಲು ಶುರು ಮಾಡಿದ ಮಕ್ಕಳಿಗೆ ಕಥೆಪುಸ್ತಕ ಬೇಕು ಎಂದು ಊರಿನವರಿಂದ ಚಂದಾ ಎತ್ತಿದ್ದರು. ಮಡಿಲಲ್ಲಿ ಕೂಸಿದ್ದುದರಿಂದ ಅವರು ಸೇಲಂಗೆ ಹೋಗುವಂತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ನನ್ನನ್ನು ಕರೆಸಿದರು.

“ಸಾರ್, ದೊಡ್ಡ ಅಕ್ಷರ ಇರಬೇಕು. ಪುಟಕ್ಕೆ ನಾಲ್ಕು ಸಾಲು ಸಾಕು. ಪುಟಪುಟಕ್ಕೂ ಚಿತ್ರ ಇರಬೇಕು. ಮಕ್ಕಳು ಕಂಡ ವಸ್ತುವಿನ ಕಥೆಯಾದರೆ ಇನ್ನೂ ಒಳ್ಳೆಯದು” ಎಂದರು. ಆಮೇಲೆ ತಮ್ಮ ಕೈಯನ್ನು ಅಗಲಿಸಿ ತೋರಿಸಿದರು. “ಒಂದು ಪುಟ ತೆಗೆದು ಮಗುವಿಗೆ ಓದಲು ಕೊಡಿ. ಒಂದೊಂದು ಪದಕ್ಕೆ ತಡವರಿಸಿದಾಗಲೂ ಒಂದೊಂದು ಬೆರಳು ಮಡಿಸಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಿದರೆ ಆ ಪುಸ್ತಕ ಬೇಡ, ಅಲ್ಲೇ ಇಟ್ಟುಬಿಡಿ. ಪುಟ್ಟಿಯನ್ನೇ ಕರಕೊಂಡು ಹೋಗಿ. ಅವಳೇ ಆರಿಸುತ್ತಾಳೆ.”

“ಸರಿಂಗ ಟೀಚರ್” ಎಂದೆ. ಅಷ್ಟು ಸುಲಭದ ಕೆಲಸ!

ಆದರೆ ಮನೆಗೆ ಬಂದರೆ, ಜಗಲಿಯಲ್ಲಿ ಕೂತಿದ್ದ ನನ್ನ ತಮ್ಮ ಬೇರೆ ಲೆಕ್ಕ ಹಾಕುತ್ತಿದ್ದ. ಅವನು ಕೆಟ್ಟವನಲ್ಲ. ಆ ಸಲ ಅವನ ಮಂದೆಯಲ್ಲಿ ಮರಿಗಳು ಜಾಸ್ತಿ ಹುಟ್ಟಿದ್ದವು, ಕಾಯುವವರು ಕಮ್ಮಿ ಇದ್ದರು.

“ಅಣ್ಣಾ, ಉಪ್ಪಿನ್ ಪಾಕೀಟು ಓದೋಕೆ ಇಸ್ಕೂಲ್ಗೆ ಓಗ್ಬೇಕಾ? ಪುಸ್ತ್ಕ ಬರ್ಲಿ. ಎಲ್ರ ಮುಂದೆ ಒಂದ್ ಪುಟ ಓದ್ಲಿ. ಓದಿದ್ರೆ ಓದೋಕೆ ಓಗ್ಲಿ. ಇಲ್ದಿದ್ರೆ ಮರಿ ಕಾಯ್ಲಿ.”

ಪುಟ್ಟಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ನಾನು ಎದೆ ತಟ್ಟಿಕೊಂಡು, “ನಾನಿದೀನಲ್ಲ!” ಎಂದೆ. ನಾನೇ ತೊಂದರೆ ಎಂದು ಆಗ ಆ ಮಗುವಿಗೆ ಹೇಗೆ ಗೊತ್ತಾಗಬೇಕು?

ಹೊರಡುವ ಬೆಳಿಗ್ಗೆ ಪುಟ್ಟಿ ತಲೆಗೆ ಎಣ್ಣೆ ಹಚ್ಚಿ, ರಿಬ್ಬನ್ ಕಟ್ಟಿಕೊಂಡು, ನನಗಿಂತ ಮೊದಲೇ ಬಂದು ನಿಂತಿದ್ದಳು. ಇವಳು ಜೊತೆಗೆ ಬಂದರೆ ದಾರಿಯುದ್ದಕ್ಕೂ ಬೋರ್ಡು ಓದುತ್ತಾಳೆ. ‘ಇದೇನು ದೊಡ್ಡಪ್ಪಾ? ಅದೇನು ದೊಡ್ಡಪ್ಪಾ?’ ಎಂದು ಕೇಳುತ್ತಾಳೆ. ಸೇಲಂ ತಲುಪುವ ಹೊತ್ತಿಗೆ ನನ್ನ ಎಸ್ಸೆಸ್ಸೆಲ್ಸಿ ರಸ್ತೆಯ ಮೇಲೆ ಬಿದ್ದಿರುತ್ತದೆ!

“ನೀ ಬರ್ಬೇಡ ಮಗಾ. ಬಸ್ಸಲ್ಲಿ ವಾಂತಿ ಮಾಡ್ತೀಯ.”

“ನಾನು ಯಾವತ್ತೂ ಮಾಡಿಲ್ಲ ದೊಡ್ಡಪ್ಪಾ.”

“ಇವತ್ತು ಮಾಡ್ತೀಯ.”

ಅವಳು ರಿಬ್ಬನ್ ಬಿಚ್ಚಿಕೊಂಡು ಒಳಗೆ ಹೋದಳು. ನನ್ನ ಹೆಂಡತಿ ಚೆನ್ನಮ್ಮ ಬುತ್ತಿ ಕಟ್ಟಿಕೊಡುತ್ತ, “ಮೆಟ್ಟು ಕೊಳ್ಳೋಕೆ ಓಗ್ತಾ ಕಾಲ್ನೇ ಮನೇಲಿ ಬುಟ್ಟು ಓಗ್ತೀರಲ್ಲ ಯಜಮಾನ್ರೇ” ಎಂದಳು. ಹೆಂಗಸರ ಮಾತಿಗೆಲ್ಲ ಉತ್ತರ ಕೊಡುತ್ತ ಕೂತರೆ ಬಸ್ಸು ಸಿಗುತ್ತದೆಯೇ?

ಸೇಲಂವರೆಗೆ ಏನೂ ತೊಂದರೆಯಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅಂಗಡಿಬೀದಿಗೆ ಹೋಗುವ ಹಸಿರು ಬಸ್ಸು ಹತ್ತಿದೆ. ಅದು ಹಸಿರು ಬಸ್ಸೇ. ಅದರಲ್ಲಿ ಸಂದೇಹವಿಲ್ಲ. ಆದರೆ ಸೇಲಂನಲ್ಲಿ ಹಸಿರು ಬಣ್ಣದ ಬಸ್ಸು ಒಂದಕ್ಕಿಂತ ಹೆಚ್ಚು ಇವೆ ಎಂಬುದು ನನಗೆ ಗೊತ್ತಾದದ್ದು ಬಸ್ಸು ಗುಡ್ಡ ಹತ್ತಲು ಶುರು ಮಾಡಿದ ಮೇಲೆ. ಅಂಗಡಿಬೀದಿಗೆ ಇಷ್ಟೊಂದು ತಿರುವುಗಳಿರಲಿಲ್ಲವಲ್ಲ ಎಂದುಕೊಂಡು ಕಿಟಕಿಯಲ್ಲಿ ಬಗ್ಗಿ ನೋಡಿದರೆ, ಸೇಲಂ ಊರು ಪಾತಾಳದಲ್ಲಿ ಬಿದ್ದಿದೆ!

ಕಂಡಕ್ಟರನ್ನು ಕೂಗಿ, ತಮಿಳಿನಲ್ಲಿ ಗಂಭೀರವಾಗಿ ಕೇಳಿದೆ: “ತಂಬೀ, ಪುಸ್ತಕದ ಅಂಗಡಿ ಎಲ್ಲಿ ಬರುತ್ತೆ?”

ಅವನು ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಿದ. “ಅಣ್ಣಾ, ಇದು ಏರ್ಕಾಡ್ ಬಸ್ಸು. ಮೇಲೆ ಕಾಪಿ ತೋಟ್ಟಂ ದಾನ್ ಇರುಕ್ಕು. ಬೋರ್ಡು ಪಾಕ್ಕಲೆಯಾ?”

ಮೇಲೆ ಕಾಫಿ ತೋಟ ಮಾತ್ರ ಇದೆ, ಬೋರ್ಡು ನೋಡಲಿಲ್ಲವೇ ಎಂದು ಕೇಳಿದ. ನೋಡಿದ್ದೆ. ನೋಡುವುದಕ್ಕೆ ಏನೂ ಅಡ್ಡಿಯಿರಲಿಲ್ಲ.

ಮುಂದಿನ ತಿರುವಿನಲ್ಲಿ ನನ್ನ ಹೊಟ್ಟೆಯೂ ತಿರುಗಿತು. ಪುಟ್ಟಿ ಯಾವ ಕೆಲಸ ಮಾಡುತ್ತಾಳೆ ಎಂದು ನಾನು ಅವಳನ್ನು ಬಿಟ್ಟುಬಂದಿದ್ದೆನೋ ಆ ಕೆಲಸವನ್ನು ಅವಳ ಪರವಾಗಿ ನಾನೇ ಕಿಟಕಿಯಿಂದಾಚೆಗೆ ಸಾಂಗವಾಗಿ ನೆರವೇರಿಸಿದೆ. ಹಿಂದಿನ ಸೀಟಿನಲ್ಲಿದ್ದ ತೋಟದ ಕೆಲಸದ ಅಜ್ಜಿಯೊಬ್ಬಳು ನನ್ನ ಬೆನ್ನು ಸವರಿ, “ಪಾಪ, ಮೊದಲ ಸಲ ಬಸ್ಸು ಹತ್ತಿದ್ದಾನೆ” ಎಂದು ಎಲ್ಲರಿಗೂ ಹೇಳಿದಳು.

ಮೇಲೆ ಹೋಗಿ, ಒಂದು ಕಾಫಿ ಕುಡಿದು, ಅದನ್ನು ಕೆಳಗೆ ಬರುವಾಗ ಗುಡ್ಡಕ್ಕೇ ಹಿಂದಿರುಗಿಸಿ, ಮಧ್ಯಾಹ್ನ ತಿರುಗಿದ ಮೇಲೆ ಸೇಲಂನ ಪುಸ್ತಕದಂಗಡಿ ಸೇರಿದೆ.

ಒಳಗೆ ಕಾಲಿಟ್ಟಾಗ ನನಗೆ ಭಯವಾಯಿತು. ಗೋಡೆಯ ತುಂಬ ತಮಿಳು. ಆದರೆ ಸ್ವಲ್ಪ ಹೊತ್ತಿನಲ್ಲೇ ಧೈರ್ಯ ಬಂತು. ಸಾಲಾಗಿ ಬೆನ್ನು ತೋರಿಸಿಕೊಂಡು ನಿಂತ ಪುಸ್ತಕಗಳು ನೋಡಲು ರೊಪ್ಪದಲ್ಲಿ ನಿಂತ ಕುರಿಗಳಂತೆಯೇ ಇದ್ದವು! ಕುರಿ ಆರಿಸಲು ನನಗೆ ಯಾರು ಹೇಳಿಕೊಡಬೇಕು? ಕುರಿಯನ್ನು ಓದಿ ಕೊಳ್ಳುತ್ತಾರೆಯೇ? ಬೆನ್ನು ಒತ್ತುತ್ತಾರೆ, ಬಾಯಿ ತೆರೆದು ನೋಡುತ್ತಾರೆ, ಎತ್ತಿ ತೂಕ ನೋಡುತ್ತಾರೆ. ಸರಿ, ಶುರು ಮಾಡಿದೆ.

ಅಂಗಡಿಯ ಕೆಲಸದ ಹೆಂಗಸು ಮಕ್ಕಳ ಪುಸ್ತಕ ಎಂದು ತೆಳ್ಳಗಿನ ಒಂದನ್ನು ಕೊಟ್ಟಳು. ಮುಖಪುಟದಲ್ಲಿ ಕುರಿಮರಿಯ ಚಿತ್ರ. ಬೆನ್ನು ಒತ್ತಿ ನೋಡಿದೆ. ಬೆನ್ನೇ ಇಲ್ಲ, ಎರಡು ಪಿನ್ನು ಹೊಡೆದಿದ್ದಾರೆ! ಬಿಡಿಸಿ ನೋಡಿದೆ. ಪುಟದ ತುಂಬ ಚಿತ್ರ, ಕೆಳಗೆ ಎರಡೇ ಸಾಲು. ಉಣ್ಣೆ ಬಹಳ, ಮಾಂಸ ಕಮ್ಮಿ! ಊರಿನವರ ದುಡ್ಡು ಕೊಟ್ಟು ಖಾಲಿ ಜಾಗ ಕೊಳ್ಳಲು ನಾನೇನು ಹುಚ್ಚನೇ?

ಆಮೇಲೆ ಟೀಚರಮ್ಮನ ಬೆರಳಿನ ಪರೀಕ್ಷೆ ನೆನಪಾಯಿತು. ಪುಟ್ಟಿ ಇಲ್ಲದ್ದರಿಂದ ನನ್ನ ಮೇಲೆಯೇ ಪ್ರಯೋಗ ಮಾಡಿಕೊಂಡೆ. ಕುರಿಮರಿಯ ಪುಸ್ತಕದ ಎರಡು ಸಾಲನ್ನು ನಿಧಾನವಾಗಿ ಕೂಡಿಸಿದೆ. ಒಂದೇ ಬೆರಳು ಮಡಿಯಿತು. ಕೆಂಪು ರಟ್ಟಿನ ದಪ್ಪ ಪುಸ್ತಕವೊಂದನ್ನು ತೆಗೆದೆ. ಮೊದಲ ಸಾಲು ಮುಗಿಯುವ ಮೊದಲೇ ಐದೂ ಬೆರಳು ಮಡಿದು ಮುಷ್ಟಿಯಾಯಿತು!

ಇಲ್ಲಿ ಸ್ವಲ್ಪ ಯೋಚಿಸಿದೆ. ಯೋಚಿಸಿದ್ದೇ ತಪ್ಪಾಯಿತು. ಕುರಿ ವ್ಯಾಪಾರದಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತೇವೆ. ಬೆರಳು ಹೆಚ್ಚಾದಷ್ಟೂ ಮಾಲು ಉತ್ತಮ. ಒಂದು ಬೆರಳಿನದು ಬಡಕಲು ಮರಿ. ಐದು ಬೆರಳಿನದು ಭಾರಿ ಟಗರು. ಎಸ್ಸೆಸ್ಸೆಲ್ಸಿ ಪಾಸಾದ ನನಗೇ ಒಂದು ಸಾಲಿಗೆ ಐದು ಬೆರಳು ಮಡಿಸುವ ಪುಸ್ತಕವೆಂದರೆ ಅದರಲ್ಲಿ ಎಷ್ಟು ವಿಷಯ ತುಂಬಿರಬೇಕು! ಟೀಚರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಪರೀಕ್ಷೆಯನ್ನು ತಲೆಕೆಳಗಾಗಿ ಹೇಳಿದ್ದಾರೆ ಎಂದು ತೀರ್ಮಾನಿಸಿದೆ. ಆ ಗೂಡಿನಲ್ಲಿದ್ದ ಕೆಂಪು ರಟ್ಟಿನವನ್ನೆಲ್ಲ ಇಳಿಸಿದೆ. ಒಂದೇ ಬಣ್ಣದ ಮಂದೆ, ನೋಡಲೂ ಚಂದ.

ಕೆಲಸದ ಹೆಂಗಸು, “ಇವು ಮಕ್ಕಳಿಗಾ?” ಎಂದು ಕೇಳಿದಳು.

“ನಮ್ಮೂರ್ ಮಕ್ಕಳಮ್ಮಾ. ಗಟ್ಟಿ” ಎಂದೆ.

ಇನ್ನು ವ್ಯಾಪಾರ. ಮೇಜಿನ ಹಿಂದೆ ಯಜಮಾನರು ಕೂತಿದ್ದರು. ತೆಳ್ಳಗಿನ ಮನುಷ್ಯ, ಹಣೆಯ ತುಂಬ ವಿಭೂತಿ. ಅಕ್ಕಪಕ್ಕ ಬೇರೆ ಗಿರಾಕಿಗಳಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಬೆಲೆ ಕೇಳುವುದು ನಮ್ಮ ವೃತ್ತಿಗೆ ಅವಮಾನ. ನಾನು ಹೆಗಲ ಮೇಲಿನ ಟವೆಲ್ ತೆಗೆದು ಅವರ ಬಲಗೈಯ ಮೇಲೆ ಹಾಸಿದೆ. ನನ್ನ ಕೈಯನ್ನು ಒಳಗೆ ತೂರಿಸಿ ಅವರ ಎರಡು ಬೆರಳನ್ನು ಭದ್ರವಾಗಿ ಹಿಡಿದೆ. ಕಣ್ಣಲ್ಲಿ ಕಣ್ಣಿಟ್ಟು, “ಸರಿಂಗಳಾ?” ಎಂದು ಮೆಲ್ಲಗೆ ಕೇಳಿದೆ.

ಯಜಮಾನರು ಕೈ ಎಳೆದುಕೊಳ್ಳಲು ನೋಡಿದರು. ಸಂತೆಯಲ್ಲಿ ಎಲ್ಲರೂ ಹಾಗೆಯೇ ಎಳೆಯುತ್ತಾರೆ, ಬೆಲೆ ಒಪ್ಪಿಗೆಯಿಲ್ಲ ಎಂದರ್ಥ. ನಾನು ಉದಾರನಾಗಿ ಇನ್ನರ್ಧ ಬೆರಳು ಸೇರಿಸಿ ಹಿಡಿದೆ.

“ಎನ್ನಯ್ಯಾ ಇದು! ಕೈಯೆ ವಿಡುಯ್ಯಾ! ಉಂಗುರ! ನನ್ನ ಉಂಗುರ!” ಎಂದು ಅವರು ಕೂಗಿದರು.

ಅಂಗಡಿಯಲ್ಲಿದ್ದವರೆಲ್ಲ ಸೇರಿದರು. ಒಬ್ಬ ನನ್ನ ಟವೆಲ್ ಹಿಡಿದ, ಇನ್ನೊಬ್ಬ ನನ್ನನ್ನೇ ಹಿಡಿದ. ಯಜಮಾನರು ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡರು. ಉಂಗುರವೂ ಇತ್ತು, ಬೆರಳುಗಳೂ ಇದ್ದವು. ನಾನು ಕುರಿ ದಲ್ಲಾಳಿ, ಇದು ನಮ್ಮ ಪದ್ಧತಿ, ಊರ ಶಾಲೆಗೆ ಪುಸ್ತಕ ಬೇಕು ಎಂದೆಲ್ಲ ವಿವರಿಸಿದೆ. ನನ್ನ ಬಟ್ಟೆಯಿಂದ ಏರ್ಕಾಡ್ ಗುಡ್ಡದ ವಾಸನೆ ಬರುತ್ತಿದ್ದುದರಿಂದ ಬೇಗ ನಂಬಿದರು. ಯಜಮಾನರು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, ನಾನು ಆರಿಸಿದ ಮಂದೆಯನ್ನೆಲ್ಲ ಕಟ್ಟಿಸಿ, “ಇನ್ನೇನಾದರೂ ಬೇಕೇನಯ್ಯಾ? ಕೈ ಮಾತ್ರ ಕೇಳಬೇಡ” ಎಂದರು.

“ಮಂದೆ ಕೊಂಡವನಿಗೆ ಒಂದು ಮರಿ ಕೊಸರು ಕೊಡೋದು ಪದ್ಧತಿ” ಎಂದೆ. ದಲ್ಲಾಳಿ ಎಲ್ಲಿದ್ದರೂ ದಲ್ಲಾಳಿಯೇ.

ಅವರು ಆ ತೆಳ್ಳಗಿನ ಕುರಿಮರಿಯ ಪುಸ್ತಕವನ್ನು ಗಂಟಿನ ಮೇಲೆ ಎಸೆದರು. ಪುಕ್ಕಟೆ ಬಂದದ್ದನ್ನು ಬೇಡವೆನ್ನುವುದು ಹೇಗೆ? ಬುತ್ತಿಯ ಚೀಲಕ್ಕೆ ತುರುಕಿಕೊಂಡೆ.

ಮನೆಗೆ ಬಂದಾಗ ಚೆನ್ನಮ್ಮ ಕೆಂಪು ಪುಸ್ತಕ ಒಂದನ್ನು ತಿರುವಿ ನೋಡಿದಳು.

“ಗೊಂಬೆ ಒಂದೂ ಇಲ್ವಲ್ಲ?”

“ಗೊಂಬೆ ನೋಡೋಕೆ ಓದ್ಬೇಕಾ? ಇದು ಗಟ್ಟಿ ಮಾಲು.”

ಅವಳು ಬುತ್ತಿಯ ಚೀಲದಲ್ಲಿ ಸಿಕ್ಕ ತೆಳ್ಳಗಿನ ಪುಸ್ತಕವನ್ನು ತೆಗೆದು ಹಾಲಿನ ಚೆಂಬಿನ ಮೇಲೆ ಮುಚ್ಚಿದಳು. ಅಳತೆ ಸರಿಯಾಗಿ ಕೂತಿತು. ಅದಾದರೂ ಒಂದು ಉಪಯೋಗಕ್ಕೆ ಬಂತಲ್ಲ ಎಂದು ನನಗೆ ಸಮಾಧಾನವಾಯಿತು.

ಮರುದಿನ ಶಾಲೆಯ ಮುಂದಿನ ಹುಣಸೆಮರದ ಕೆಳಗೆ ಸಭೆ. ಚಂದಾ ಕೊಟ್ಟವರೆಲ್ಲ ಬಂದಿದ್ದರು. ಕೊಡದವರು ಮೊದಲೇ ಬಂದು ಮುಂದೆ ಕೂತಿದ್ದರು. ನಾನು ಪುಸ್ತಕದ ಗಂಟನ್ನು ಬಿಚ್ಚಿ, ಮೈದಾನದ ಮಧ್ಯೆ ಸಾಲಾಗಿ ಜೋಡಿಸಿ, “ಐದ್ ಬೆಳ್ಳಿನ ಮಾಲು!” ಎಂದು ಘೋಷಿಸಿದೆ. ಟೀಚರಮ್ಮ ಕೂಸನ್ನು ಮಲಗಿಸಲು ಒಳಗೆ ಹೋಗಿದ್ದರು. ಅವರು ಬರುವವರೆಗೂ ಕಾಯಬಹುದಾಗಿತ್ತು. ಆದರೆ ನನ್ನ ತಮ್ಮನಿಗೆ ಮರಿಗಳ ಚಿಂತೆ.

“ಓದವ್ವಾ, ನೋಡ್ವಾ” ಎಂದ.

ಪುಟ್ಟಿ ಮತ್ತೆ ರಿಬ್ಬನ್ ಕಟ್ಟಿಕೊಂಡು ಬಂದಿದ್ದಳು. ಕೆಂಪು ಪುಸ್ತಕ ಎತ್ತಿಕೊಂಡಳು. ಅದರ ಭಾರಕ್ಕೆ ಸ್ವಲ್ಪ ಮುಂದಕ್ಕೆ ಬಾಗಿದಳು. ಬಿಡಿಸಿದಳು. ಮೊದಲ ಪದಕ್ಕೆ ನಿಂತಳು. ಒಂದು ಬೆರಳು ಮಡಿಸಿದಳು. ಎರಡನೆಯದಕ್ಕೂ ನಿಂತಳು. ಇನ್ನೊಂದು ಮಡಿಸಿದಳು. ಒಂದು ಕೈ ಮುಗಿಯಿತು. ನೆಲದ ಮೇಲೆ ಕೂತು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಕೈ ಶುರು ಮಾಡಿದಳು. ಅದೂ ಮುಗಿಯಿತು. ಆ ಮಗು ಎಷ್ಟು ಪ್ರಾಮಾಣಿಕಳೆಂದರೆ, ಟೀಚರಮ್ಮ ಹೇಳಿದ ನಿಯಮ ಮುರಿಯಬಾರದೆಂದು ಕಾಲು ಚಾಚಿ ಕಾಲ್ಬೆರಳುಗಳನ್ನು ಮಡಿಸತೊಡಗಿದಳು!

ಸಭೆ ಗೊಳ್ಳೆಂದಿತು.

“ಲೇ, ಇನ್ನು ಬೆಳ್ಳು ಸಾಲ್ದಿದ್ರೆ ನನ್ದು ತಕಳವ್ವಾ!” ಎಂದು ಯಾರೋ ಕೂಗಿದರು.

ನನ್ನ ತಮ್ಮ ನಗಲಿಲ್ಲ. ಅವನು ನನ್ನ ಮುಖ ನೋಡಿದ. ಎಲ್ಲರೂ ನನ್ನ ಮುಖ ನೋಡಿದರು. “ಏನಣ್ಣಾ, ಪುಸ್ತ್ಕ ಸರಿಯಿಲ್ವಾ, ಉಡ್ಗಿ ಸರಿಯಿಲ್ವಾ?”

ಎರಡರಲ್ಲಿ ಒಂದನ್ನು ಹೇಳಬೇಕಾಗಿತ್ತು. ಪುಸ್ತಕ ಸರಿಯಿಲ್ಲ ಎಂದರೆ, ‘ಹಾಗಾದರೆ ಓದಿ ನೋಡದೆ ಯಾಕೆ ತಂದೆ?’ ಎನ್ನುತ್ತಾರೆ. ನಾನು ಕೆಮ್ಮಿ, ಟವೆಲ್ ಕೊಡವಿ, ಹೇಳಿದೆ:

“ಪುಸ್ತ್ಕಕ್ಕೇನಾಗಿದೆ? ಉಡ್ಗಿ ತಲೇಲಿ ಏನಿಲ್ಲ. ಇವ್ಳಿಗೆ ಓದು ಅತ್ತಲ್ಲ.”

ಪುಟ್ಟಿ ಅಳಲಿಲ್ಲ. ಮಡಿಸಿದ ಬೆರಳುಗಳನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದಳು. ಪುಸ್ತಕವನ್ನು ನನ್ನ ಕಡೆ ಚಾಚಿದಳು.

“ನೀನೇ ಓದು ದೊಡ್ಡಪ್ಪಾ. ನಾ ಕೇಳಿಸ್ಕತೀನಿ.”

“ಕನ್ನಡ್ಕ ಮನೇಲೈತೆ.”

“ಮೂಗಿನ್ ಮ್ಯಾಗೈತಲ್ಲ ದೊಡ್ಡಪ್ಪಾ.”

“ಇದು ದೂರದ್ದು! ಅತ್ರದ್ದು ಮನೇಲೈತೆ!”

ಆಗ ಟೀಚರಮ್ಮ ಹೊರಗೆ ಬಂದರು. ಒಂದು ಪುಸ್ತಕ ಎತ್ತಿದರು, ಹೆಸರು ನೋಡಿ ಕೆಳಗಿಟ್ಟರು. ಇನ್ನೊಂದು ಎತ್ತಿದರು. ಮೂರನೆಯದನ್ನು ಎತ್ತಿದವರೇ ಮುಖ ಕೆಂಪಾಗಿ ಸೆರಗಿನ ಕೆಳಗೆ ಅಡಗಿಸಿದರು. ನಾನು ಮಕ್ಕಳಿಗಾಗಿ ಆರಿಸಿ ತಂದದ್ದು ಏನೇನೆಂದು ಆಮೇಲೆ ತಿಳಿಯಿತು. ಜಮೀನಿನ ಕ್ರಯಪತ್ರ ಬರೆಯುವ ವಿಧಾನ. ಮೂಲವ್ಯಾಧಿಗೆ ಮನೆಮದ್ದು. ಲಾರಿ ಇಂಜಿನ್ ಬಿಚ್ಚಿ ಜೋಡಿಸುವ ಕ್ರಮ. ಸೆರಗಿನ ಕೆಳಗೆ ಹೋದದ್ದು, ಹೊಸದಾಗಿ ಮದುವೆಯಾದವರಿಗೆ ವೈದ್ಯರ ಸಲಹೆಗಳು!

ಟೀಚರಮ್ಮ ದೊಡ್ಡ ಮನಸ್ಸಿನವರು. ನನ್ನ ಮಾನ ಕಳೆಯಲಿಲ್ಲ. “ಸಾರ್ ದೊಡ್ಡವರಿಗೂ ಒಂದು ಲೈಬ್ರರಿ ಆಗಲಿ ಎಂದು ತಂದಿದ್ದಾರೆ” ಎಂದರು. ಅಷ್ಟೇ ಸಾಕಾಯಿತು. ಮೂಲವ್ಯಾಧಿಯ ಪುಸ್ತಕವನ್ನು ಹಿಂದಿನ ಸಾಲಿನಲ್ಲಿ ನೋವು ತಡೆದುಕೊಂಡು ನಿಂತೇ ಇದ್ದ ಹಿರಿಯರೊಬ್ಬರು ಒಯ್ದರು. ಕ್ರಯಪತ್ರದ ಪುಸ್ತಕಕ್ಕೆ ಅಣ್ಣತಮ್ಮಂದಿರಿಬ್ಬರು ಜಗಳವಾಡಿದರು. ಸೆರಗಿನ ಕೆಳಗಿನದನ್ನು ಯಾರು ಒಯ್ದರೋ, ಅದು ಮನೆಯಿಂದ ಮನೆಗೆ ಓಡಾಡಿ ರಟ್ಟು ಕಿತ್ತುಹೋಯಿತು ಎಂದಷ್ಟೇ ಗೊತ್ತು. ನಮ್ಮ ಹಟ್ಟಿಯಲ್ಲಿ ಓದುವ ಅಭ್ಯಾಸವನ್ನು ಬೆಳೆಸಿದವನು ನಾನು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ!

ಆದರೆ ಬೆಳಗಾದಾಗ ಪುಟ್ಟಿಯ ಕೈಯಲ್ಲಿ ಸ್ಲೇಟಿರಲಿಲ್ಲ, ಕೋಲಿತ್ತು. ತಮ್ಮ ಅವಳನ್ನು ಮರಿಗಳ ಹಿಂದೆ ಅಟ್ಟಿದ. ಚೆನ್ನಮ್ಮ ನನಗೆ ರಾಗಿಮುದ್ದೆಯ ತಟ್ಟೆಯನ್ನು ಸ್ವಲ್ಪ ಸದ್ದಾಗುವ ಹಾಗೆ ಇಟ್ಟಳು.

“ಇಷ್ಟ್ ವರ್ಸ ಕುರಿ ಸಾಕಿದೀರಿ. ಆಲಲ್ಲು ಮರಿಗೆ ಯಾರಾದ್ರೂ ಇಂಡಿ ತಿನ್ನುಸ್ತಾರಾ?”

“ಇಲ್ಲ.”

“ತಿನ್ನುಸ್ಬುಟ್ಟು, ಮರಿಗೆ ಬಾಯೇ ಸರಿಯಿಲ್ಲ ಅಂತಾರಾ?”

ನಾನು ಮುದ್ದೆ ನುಂಗಿದೆ. ಹಾಲುಹಲ್ಲಿನ ಮರಿಗೆ ಏನು ಹಾಕಬೇಕೆಂದು ಇಡೀ ಸೀಮೆಗೆ ಬುದ್ಧಿ ಹೇಳುವವನು ನಾನು! ಮಾತು ತಪ್ಪಿಸಲು ಹಾಲಿನ ಚೆಂಬಿನ ಕಡೆ ಕೈ ಚಾಚಿದೆ. ಚೆಂಬಿನ ಮೇಲೆ ಮುಚ್ಚಳವಿರಲಿಲ್ಲ.

“ಮುಚ್ಳ ಎಲ್ಲೋಯ್ತು?”

“ಉಡ್ಗಿ ತಕಂಡೋದ್ಳು” ಎಂದಳು ಚೆನ್ನಮ್ಮ. ಅವಳು ಆ ಕಡೆ ತಿರುಗಿದ್ದರಿಂದ ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

ನಾನು ಮರಿಗಳು ಮೇಯುವ ಕಡೆ ನಡೆದೆ. ಪುಟ್ಟಿ ಒಂದು ಬಂಡೆಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಹಾಲಿನ ಉಂಗುರದ ಗುರುತು ಬಿದ್ದ ಆ ತೆಳ್ಳಗಿನ ಪುಸ್ತಕ. ಗಂಟೆ ಕಳೆದುಕೊಂಡ ಕುರಿಮರಿಯೊಂದು ಅದನ್ನು ಹುಡುಕುತ್ತ ಹೋಗುವ ಕಥೆ. ಬಾವಿಯ ಹತ್ತಿರ ಕೇಳುತ್ತದೆ, ಬೇಲಿಯ ಹತ್ತಿರ ಕೇಳುತ್ತದೆ. ಪುಟ್ಟಿ ಜೋರಾಗಿ ಓದುತ್ತಿದ್ದಳು. ಓದುತ್ತ ಓದುತ್ತ ತಾನೇ ನಗುತ್ತಿದ್ದಳು. ಬಾವಿ ಮಾತಾಡುವಾಗ ದಪ್ಪ ದನಿ, ಮರಿ ಮಾತಾಡುವಾಗ ಸಣ್ಣ ದನಿ. ಎಡಗೈಯ ಐದು ಬೆರಳೂ ಅಗಲವಾಗಿ ಬಿಚ್ಚಿಕೊಂಡು ಗಾಳಿಯಲ್ಲಿದ್ದವು. ಒಂದೇ ಒಂದು ಬೆರಳು ಮಡಿಯಲಿಲ್ಲ.

ಹಿಂದೆ ಕಾಲ ಸದ್ದಾಯಿತು. ತಮ್ಮ ಬಂದು ನಿಂತಿದ್ದ. ಅವನೂ ಕೇಳಿಸಿಕೊಂಡಿದ್ದ.

“ಓದು ಅತ್ತಲ್ಲ ಅಂದ್ಯಲ್ಲಣ್ಣಾ? ನೀರು ಕುಡ್ದಂಗೆ ಓದ್ತಾಳೆ. ಏನಿದು?”

ಇದೇ ಸಮಯ. ‘ತಪ್ಪು ನನ್ನದು, ನನಗೆ ತಮಿಳು ಓದಲು ಬರುವುದಿಲ್ಲ’ ಎಂದುಬಿಟ್ಟರೆ ಮುಗಿಯಿತು. ನಾನು ಬಾಯಿ ತೆರೆದೆ. ಬಾಯಿ ತೆರೆದುಕೊಂಡೇ ಉಳಿಯಿತು.

ಪುಟ್ಟಿ ನನ್ನನ್ನು ನೋಡಿದಳು. ಕನ್ನಡಕವನ್ನೂ ನೋಡಿದಳು. ಆಮೇಲೆ ಅಪ್ಪನಿಗೆ ಹೇಳಿದಳು:

“ದೊಡ್ಡಪ್ಪ ಇದ್ನ ನಂಗೆ ಅಂತ್ಲೇ ತಂದಿತ್ತು ಅಪ್ಪಾ. ಆ ದಪ್ಪದ್ದು ದೊಡ್ಡೋರ್ಗೆ. ನಿನ್ನೆ ಗಲಾಟೇಲಿ ಕೊಡೋಕೆ ಮರ್ತೋಯ್ತು.”

ಏಳು ವರ್ಷದ ಮಗು ನನ್ನ ಮಾನವನ್ನು ಎತ್ತಿ, ಮಣ್ಣು ಒರೆಸಿ, ನನ್ನ ಕೈಗೆ ಕೊಟ್ಟಿತು. ನಾನೇನು ಮಾಡಿದೆ ಗೊತ್ತೇ? ಕಾಲಿಗೆ ಬಿದ್ದೆನೇ? ತಪ್ಪಾಯಿತು ಎಂದೆನೇ?

“ಊಂ, ಮತ್ತೆ! ಅದೇ ನನ್ ಪಿಲಾನು” ಎಂದೆ!

ಪುಟ್ಟಿ ಮರುದಿನ ಶಾಲೆಗೆ ಹೋದಳು. ಸಂಜೆ ಬಂದವಳು ಯಾರೂ ಇಲ್ಲದ ಹೊತ್ತು ನೋಡಿ, ಆ ತೆಳ್ಳಗಿನ ಪುಸ್ತಕವನ್ನು ನನ್ನ ಮುಂದೆ ಇಟ್ಟಳು. “ಬೆಳ್ಳು ಬಿಚ್ಕೊ ದೊಡ್ಡಪ್ಪಾ. ಎಲ್ಲಿ ನಿಂತೀಯೋ ಅಲ್ಲಿ ಒಂದ್ ಮಡ್ಸು” ಎಂದಳು. ಯಾರಿಗೂ ಹೇಳಲಿಲ್ಲ, ನಗಲೂ ಇಲ್ಲ. ಮೊದಮೊದಲು ನನ್ನ ಮುಷ್ಟಿ ಬಿಚ್ಚುತ್ತಲೇ ಇರಲಿಲ್ಲ. ನಿಧಾನವಾಗಿ ಬೆರಳುಗಳು ಎದ್ದು ನಿಂತವು. ನಾನು ತಮಿಳಿನಲ್ಲಿ ನಾನೇ ನಾನಾಗಿ ಓದಿದ ಮೊದಲ ಪುಸ್ತಕ ಆ ಕುರಿಮರಿಯದು. ಮಕ್ಕಳಿಗೆಂದು ಸೇಲಂಗೆ ಹೋಗಿ ಆರಿಸಿ ತಂದವನು ನಾನು. ಆರಿಸದೆ ಕೊಸರಾಗಿ ಬಂದ ಒಂದೇ ಒಂದು ಪುಸ್ತಕ ಇಬ್ಬರಿಗೆ ಆಯಿತು. ಮರಿಗೆ ಗಂಟೆ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ನಾನು ಎಷ್ಟು ಕಾತರಪಟ್ಟೆ ಎಂದರೆ, ಚೆನ್ನಮ್ಮ ಎರಡು ಸಲ ಊಟಕ್ಕೆ ಕರೆದರೂ ಏಳಲಿಲ್ಲ. ಸಿಕ್ಕಿತು. ಅದು ಅದರ ಕೊರಳಲ್ಲೇ ಇತ್ತು. ಹುಲ್ಲು ಸಿಕ್ಕಿಕೊಂಡು ಸದ್ದು ನಿಂತಿತ್ತು, ಅಷ್ಟೇ.

ಪುಟ್ಟಿ ಈಗ ಶಂಕಗಿರಿಯಲ್ಲಿ ಲಾರಿ ಬುಕಿಂಗ್ ಆಫೀಸು ನಡೆಸುತ್ತಾಳೆ. ಎಂಥೆಂಥ ಲಾರಿ ಡ್ರೈವರುಗಳೂ ಅವಳನ್ನು ಕಂಡರೆ ಬೀಡಿ ನಂದಿಸುತ್ತಾರೆ! ತಪ್ಪಾಯಿತು ಎಂದು ಹೇಳಲೆಂದೇ ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ. ಬೋರ್ಡು ಓದಿಯೇ ಬಸ್ಸು ಹತ್ತುತ್ತೇನೆ. ಅವಳ ಎದುರು ಕುರ್ಚಿಯಲ್ಲಿ ಕೂತು, ಗಂಟಲು ಸರಿಪಡಿಸಿಕೊಳ್ಳುತ್ತೇನೆ. “ಏನ್ ದೊಡ್ಡಪ್ಪಾ?” ಎನ್ನುತ್ತಾಳೆ. “ಕಾಪಿ ಐತಾ?” ಎಂದು ಕೇಳುತ್ತೇನೆ. ಕಾಫಿ ಕುಡಿದು ಎದ್ದು ಬರುತ್ತೇನೆ. ಅವಳ ಆಫೀಸಿನಲ್ಲಿ ನಾನು ಕುಡಿದ ಕಾಫಿಯನ್ನೆಲ್ಲ ಸೇರಿಸಿದರೆ ಏರ್ಕಾಡಿನ ಒಂದು ತೋಟ ಖಾಲಿಯಾಗುತ್ತದೆ.

ಅದಕ್ಕೇ ಬರೆದುಬಿಟ್ಟಿದ್ದೇನೆ. ಬರೆದು ಮುಗಿಸುವ ಹೊತ್ತಿಗೆ ಒಂದು ವಿಷಯ ಹೊಳೆಯಿತು. ಪುಟ್ಟಿ ಕನ್ನಡ ಆಡುತ್ತಾಳೆ. ಕನ್ನಡ ಓದಲು ಅವಳಿಗೆ ಬರುವುದಿಲ್ಲ. ಅವಳು ಓದಿದ್ದೆಲ್ಲ ತಮಿಳು. ಅಂದು ಅವಳಿಗೆ ಓದಲಾಗದ ಪುಸ್ತಕ ತಂದುಕೊಟ್ಟೆ. ಇಂದು ಅವಳಿಗೆ ಓದಲಾಗದ ಅಕ್ಷರದಲ್ಲಿ ಕ್ಷಮೆ ಕೇಳುತ್ತಿದ್ದೇನೆ. ಅವಳಿಂದಲೇ ಕಲಿತ ತಮಿಳಿನಲ್ಲಿ ಬರೆಯಬಹುದಾಗಿತ್ತು. ಬರೆದರೆ ಅವಳು ಓದಿಬಿಡುತ್ತಾಳಲ್ಲ!

ಇದನ್ನು ಓದಿದವರು ಯಾರಾದರೂ ಶಂಕಗಿರಿ ಕಡೆ ಹೋದರೆ ಅವಳಿಗೆ ಓದಿ ಹೇಳಿ. ನಾನು ಅಲ್ಲಿ ಕಾಫಿ ಕುಡಿಯುತ್ತ ಕೂತಿಲ್ಲ ಎಂದು ಒಮ್ಮೆ ನೋಡಿಕೊಂಡು ಹೇಳಿ. ಹೆಸರು ಕೊನೆಯಲ್ಲಿ ಹೇಳುತ್ತೇನೆ ಎಂದಿದ್ದೆ.

ತಪ್ಪಾಯ್ತು ಕಣವ್ವಾ, ಮಾದೇವಿ.